ಆರು ಕಣ್ಣು, ಎರಡು ಕಣ್ಣು

ಅಕ್ಕನ ಮಗಳು ಹೊಸ ಮೊಬೈಲ್ ಕೊಂಡಿದ್ದಳು. ಹಿಂಬದಿಯಲ್ಲಿ ನಾಲ್ಕು ಕ್ಯಾಮೆರಾ. ಕಂಪನಿಯ ಹೆಸರು ಇಲ್ಲಿ ಬೇಡ. ಆ ಬೆಲೆಗೆ ಸಿಗುವ ಹತ್ತಾರು ಫೋನುಗಳು ಹೀಗೇ ಇರುತ್ತವೆ. ಅಂಗಳದ ದಾಸವಾಳದ ಕೇಸರವನ್ನು ಹತ್ತಿರದಿಂದ ತೆಗೆಯಬೇಕೆಂದು 'ಮ್ಯಾಕ್ರೊ' ಒತ್ತಿ ಹೂವಿಗೆ ತಾಗಿಸುವಷ್ಟು ಸಮೀಪ ಹಿಡಿದಳು. ಬಂದದ್ದು ಮಸುಕು ಮಸುಕಾದ ಒಂದು ಕೆಂಪು ಚಿತ್ರ. "ಮಾಮ, ಇಷ್ಟೇನಾ ಇದು?" ಅಂದಳು. ಮ್ಯಾಕ್ರೊ ಬಿಟ್ಟು ಮುಖ್ಯ ಕ್ಯಾಮೆರಾದಲ್ಲೇ ಗೇಣು ದೂರದಿಂದ ತೆಗೆದು, ಬೇಕಾದಷ್ಟನ್ನು ಕ್ರಾಪ್ ಮಾಡಿಕೋ ಅಂದೆ. ಈ ಸಲ ಪರಾಗದ ಹಳದಿ ಕಾಳುಗಳು ಬಿಡಿಬಿಡಿಯಾಗಿ ಕಂಡವು. ಆ ಮ್ಯಾಕ್ರೊ ಕ್ಯಾಮೆರಾ 2 ಮೆಗಾಪಿಕ್ಸೆಲ್‌ನದು. ಅಗಲಕ್ಕೆ 1600, ಎತ್ತರಕ್ಕೆ 1200 ಚುಕ್ಕೆ, ಅದರ ಬಂಡವಾಳವೇ ಅಷ್ಟು. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತೇವಲ್ಲ, ಇದು ಅದರ ತಿರುಗುಮುರುಗು: ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಇಂಥ ಕ್ಯಾಮೆರಾ ಫೋನಿಗೆ ಬಂದು ಕೂರುವುದು ಫೋಟೊಗಾಗಿ ಅಲ್ಲ, ಹೋಲಿಕೆಯ ಪಟ್ಟಿಗಾಗಿ. ಎರಡು ಫೋನುಗಳನ್ನು ಪಕ್ಕಪಕ್ಕ ಇಟ್ಟು ತೋರಿಸುವ ಆ ಪಟ್ಟಿ ನಮ್ಮನ್ನು ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೆ 2020ರ ಎರಡು ಫೋನುಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಜುಲೈಯಲ್ಲಿ ಒನ್‌ಪ್ಲಸ್ ನಾರ್ಡ್ ಬಂತು. ಹಿಂದೆ 48, 8, 5 ಮತ್ತು 2 ಮೆಗಾಪಿಕ್ಸೆಲ್‌ನ ನಾಲ್ಕು ಕ್ಯಾಮೆರಾ, ಮುಂದೆ ಎರಡು. 8 ಜಿಬಿ ರ‍್ಯಾಮ್‌ನ ಫೋನಿಗೆ 27,999 ರೂಪಾಯಿ. ಅಕ್ಟೋಬರ್‌ನಲ್ಲಿ ಗೂಗಲ್ ಪಿಕ್ಸೆಲ್ 4ಎ ಭಾರತಕ್ಕೆ ಬಂತು. ಹಿಂದೆ 12.2 ಮೆಗಾಪಿಕ್ಸೆಲ್‌ನ ಒಂದೇ ಕ್ಯಾಮೆರಾ, ಮುಂದೆ ಇನ್ನೊಂದು. ರ‍್ಯಾಮ್ 6 ಜಿಬಿ, ಬೆಲೆ ಮಾತ್ರ 31,999. ಪಟ್ಟಿ ನೋಡಿದವರು ಪಿಕ್ಸೆಲ್ ಕಡೆ ತಿರುಗಿಯೂ ನೋಡಲಾರರು. ಸೆನ್ಸರ್‌ನ ಗಾತ್ರದಲ್ಲೂ ನಾರ್ಡ್‌ನದೇ ದೊಡ್ಡದು.

ಆದರೂ ಮಬ್ಬು ಬೆಳಕಿನಲ್ಲಿ, ಕಿಟಕಿಗೆ ಬೆನ್ನು ಕೊಟ್ಟು ಕೂತವರ ಮುಖದಲ್ಲಿ, ಪಿಕ್ಸೆಲ್‌ನ ಆ ಒಂದೇ ಕಣ್ಣು ಗೆಲ್ಲುತ್ತದೆ. ಗುಂಡಿ ಒಂದು ಸಲ ಒತ್ತಿದರೂ ಅದು ತೆಗೆಯುವುದು ಒಂದು ಚಿತ್ರವಲ್ಲ. ಸ್ವಲ್ಪ ಕತ್ತಲಾಗಿಯೇ ಹಲವು ಚಿತ್ರಗಳನ್ನು ಒಂದರ ಹಿಂದೊಂದು ತೆಗೆದು, ಕೈ ಅಲುಗಿದ್ದನ್ನು ಸರಿಹೊಂದಿಸಿ, ಒಂದರ ಮೇಲೊಂದು ಕೂಡಿಸುತ್ತದೆ. ಕತ್ತಲಲ್ಲಿ ಕಾಣುವ ಮರಳಿನಂಥ ಕಾಳುಗಳು ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ಇರುವುದರಿಂದ, ಕೂಡಿಸಿದಾಗ ಅವು ಕರಗುತ್ತವೆ, ಮುಖ ಉಳಿಯುತ್ತದೆ. ಹೊರಗಿನ ಆಕಾಶವೂ ಬೆಳ್ಳಗೆ ಸುಟ್ಟುಹೋಗುವುದಿಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಮಾರ್ಕ್ ಲೆವಾಯ್ ಅವರ ತಂಡ ಗೂಗಲ್‌ನಲ್ಲಿ ವರ್ಷಗಟ್ಟಲೆ ತಿದ್ದಿ ತೀಡಿದ ವಿದ್ಯೆ ಇದು. ಹಿನ್ನೆಲೆ ಮಸುಕಾಗಿಸುವುದಕ್ಕೂ ಎರಡನೆಯ ಕ್ಯಾಮೆರಾ ಬೇಕಿಲ್ಲವೆಂದು 2017ರ ಪಿಕ್ಸೆಲ್ 2 ಆಗಲೇ ತೋರಿಸಿತ್ತು. ಇಷ್ಟು ದುಡಿಮೆಗೆ ಹೋಲಿಕೆಯ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಹಾಗಂತ ನಾರ್ಡ್‌ನಲ್ಲಿ ಹೆಚ್ಚಿಗೆ ಇದ್ದದ್ದೆಲ್ಲ ಬರಿ ಲೆಕ್ಕ ತುಂಬಿಸಲು ಎಂದರೆ ಅನ್ಯಾಯವಾಗುತ್ತದೆ. ಅದರ 8 ಮೆಗಾಪಿಕ್ಸೆಲ್‌ನ ಅಗಲ ನೋಟದ ಕ್ಯಾಮೆರಾ ಮದುವೆ ಮಂಟಪದಲ್ಲಿ ಎರಡೂ ಕಡೆಯ ಬೀಗರನ್ನು ಒಂದೇ ಚಿತ್ರದೊಳಗೆ ಕೂರಿಸುತ್ತದೆ. ಪಿಕ್ಸೆಲ್ ಹಿಡಿದವರು ಹಿಂದೆ ಹಿಂದೆ ಸರಿಯುತ್ತ ಬಾಗಿಲಿಗೆ ಹೋಗಬೇಕು. ಬ್ಯಾಟರಿಯ ಮಾತಂತೂ ಎತ್ತಲೇಬೇಕು. ನಾರ್ಡ್‌ನದು 4115 ಎಂಎಎಚ್, ಪಿಕ್ಸೆಲ್‌ನದು 3140. ದಿನವಿಡೀ ಊರೂರು ಸುತ್ತುವವರಿಗೆ ಸಂಜೆಯವರೆಗೆ ಚಾರ್ಜ್ ನಿಲ್ಲುವುದೇ ಗುಣಮಟ್ಟ. ಕೆಲವೊಮ್ಮೆ ದೊಡ್ಡ ಅಂಕಿಯೇ ಒಳ್ಳೆಯ ಅಂಕಿ, ಅದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಮ್ಯಾಕ್ರೊವನ್ನು ಮಾತ್ರ ಒಪ್ಪಲಾರೆ.

2020ರಲ್ಲೇ ಇದನ್ನು ಬರೆದಿದ್ದರೆ ಪಿಕ್ಸೆಲ್‌ಗೇ ಪೂರ್ತಿ ಅಂಕ ಕೊಡುತ್ತಿದ್ದೆ. ಆದರೆ 2025ರ ಜನವರಿಯಲ್ಲಿ ಗೂಗಲ್ ಈ ಫೋನಿಗೆ ತಾನೇ ಇನ್‌ಸ್ಟಾಲ್ ಆಗುವ ಒಂದು ಅಪ್‌ಡೇಟ್ ಕಳಿಸಿತು. ಕೆಲವು ಫೋನುಗಳಲ್ಲಿ ಬ್ಯಾಟರಿಯ ಸಾಮರ್ಥ್ಯವನ್ನೂ ಚಾರ್ಜ್ ಆಗುವ ವೇಗವನ್ನೂ ಅದು ತಗ್ಗಿಸಿತು. ಬ್ಯಾಟರಿ ಸುಸ್ಥಿರವಾಗಿರಲೆಂದು ಹೀಗೆ ಮಾಡಿದೆವು ಎಂದು ಕಂಪನಿ ಹೇಳಿತು, ಪರಿಹಾರವನ್ನೂ ಘೋಷಿಸಿತು. ಮೊದಲೇ ಚಿಕ್ಕದಿದ್ದ ಬ್ಯಾಟರಿಯನ್ನು ಇನ್ನೂ ಕುಗ್ಗಿಸಿದ ಮೇಲೆ ಕ್ಯಾಮೆರಾ ಎಷ್ಟು ಚೆನ್ನಾಗಿದ್ದರೇನು? ಗೋಡೆಗೆ ಸಿಕ್ಕಿಸಿಟ್ಟ ಫೋನಿನಿಂದ ಮಗುವಿನ ಹಿಂದೆ ಓಡಿ ಫೋಟೊ ತೆಗೆಯಲಾಗದು.

ಅದಕ್ಕೇ ಈಗ ಯಾರಾದರೂ ಫೋನ್ ಕೊಳ್ಳುವಾಗ ಕರೆದರೆ ನಾನು ಕ್ಯಾಮೆರಾ ಎಣಿಸಲು ಹೋಗುವುದಿಲ್ಲ. ಅಂಗಡಿಯ ಕತ್ತಲ ಮೂಲೆಯಲ್ಲಿ ಒಂದು ಮುಖದ ಫೋಟೊ ತೆಗೆಸುತ್ತೇನೆ. ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ, ಬ್ಯಾಟರಿ ಬದಲಿಸಲು ಎಷ್ಟು ಖರ್ಚು ಎಂದು ಕೇಳುತ್ತೇನೆ. 2023ರ ಪಿಕ್ಸೆಲ್ 8ಕ್ಕೆ ಗೂಗಲ್ 7 ವರ್ಷದ ಭರವಸೆ ಕೊಟ್ಟಿತು, ಮರುವರ್ಷ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗ್ ಕೂಡ ಅಷ್ಟೇ ಕೊಟ್ಟಿತು. ಕಂಪನಿಗಳು ಪೈಪೋಟಿಗೆ ಬೀಳುವುದಾದರೆ ಈ ಅಂಕಿಯ ಮೇಲೆ ಬೀಳಲಿ. ಹದಿನೈದು ಸಾವಿರದ ಫೋನಿನವರೆಗೂ ಅದು ಇಳಿದು ಬರಲಿ.