ಆಸ್ಪತ್ರೆಗೆ ಬಾಯಿದೆ, ಕಿವಿ ಬೇಕು

ಕ್ಯಾನ್ಸರ್ ಚಿಕಿತ್ಸೆಯ ಬಗ್ಗೆ ಎಲ್ಲೇ ಚರ್ಚೆಯಾದರೂ ಒಂದು ಮಾತು ಬಂದೇ ಬರುತ್ತದೆ: ವೈದ್ಯರು ರೋಗಿಯ ಮುಖ ನೋಡುವುದನ್ನು ಬಿಟ್ಟು ಕಂಪ್ಯೂಟರ್ ನೋಡುತ್ತಿದ್ದಾರೆ, ಯಂತ್ರ ನಡುವೆ ಬಂದಷ್ಟೂ ಮಾತು ಸಾಯುತ್ತದೆ. ಅದರ ಬೆನ್ನಿಗೇ ಇನ್ನೊಂದು: ಓದುಬರಹ ಬಾರದ ನಮ್ಮ ಹಳ್ಳಿಯ ರೋಗಿಗಳಿಗೆ ಇದೆಲ್ಲ ಎಟುಕುವಂಥದ್ದಲ್ಲ. ಎರಡರ ಹಿಂದೆಯೂ ರೋಗಿಯ ಮೇಲಿನ ಕಾಳಜಿ ಇದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಯಂತ್ರ ಬರುವ ಮೊದಲು ವೈದ್ಯರಿಗೂ ರೋಗಿಗೂ ನಡುವೆ ಮಾತು ಚೆನ್ನಾಗಿಯೇ ನಡೆಯುತ್ತಿತ್ತು ಎಂಬ ನಂಬಿಕೆಯ ಮೇಲೆ ಈ ವಾದ ನಿಂತಿದೆ. ಆ ನಂಬಿಕೆಯೇ ತಪ್ಪು.

ಆ ಮಾತುಕತೆ ಹೇಗೆ ನಡೆಯುತ್ತದೆಂದು ಹತ್ತಿರದಿಂದ ನೋಡಿ. ಬೆಳಗಿನಿಂದ ಕಾದು ಕುಳಿತ ಹೆಂಗಸು ಒಳಗೆ ಬರುತ್ತಾರೆ. ಫೈಲು ಮಗನ ಕೈಯಲ್ಲಿದೆ. "ಹೇಗಿದ್ದೀರಮ್ಮ? ಊಟ ಸೇರುತ್ತಾ?" ಎಂದು ವೈದ್ಯರು ಕೇಳುತ್ತಾರೆ. ಆಕೆ ಬಾಯಿ ತೆರೆಯುವ ಮೊದಲೇ ಮಗ, "ಪರವಾಗಿಲ್ಲ ಸಾರ್, ಸ್ವಲ್ಪ ಸುಸ್ತು ಅಷ್ಟೇ" ಎನ್ನುತ್ತಾನೆ. ರಕ್ತಪರೀಕ್ಷೆಯ ವರದಿ ನೋಡಿ, ವೈದ್ಯರು ಮುಂದಿನ ಕೀಮೋಗೆ ಬರೆದುಕೊಡುತ್ತಾರೆ. ಕಾಲಲ್ಲಿ ಚಪ್ಪಲಿ ನಿಲ್ಲದಷ್ಟು ಜೋಮು ಹಿಡಿದದ್ದು, ನಾಲ್ಕು ದಿನ ಭೇದಿಯಾದದ್ದು, ಮೂತ್ರಕ್ಕೆ ಹೋದಾಗಿನ ಉರಿ, ಯಾವುದೂ ಆ ಕೋಣೆಯಲ್ಲಿ ಮಾತಾಗಿ ಬರಲೇ ಇಲ್ಲ. ಅಲ್ಲಿ ಯಾರೂ ಕೆಟ್ಟವರಲ್ಲ. ತಾಯಿಗೆ ಸಂಕೋಚ, ಮಗನಿಗೆ ಬಸ್ಸಿನ ಚಿಂತೆ, ವೈದ್ಯರಿಗೆ ಹೊರಗಿನ ಸಾಲು. ಹೆಚ್ಚು ಹೇಳಿಕೊಂಡರೆ ಎಲ್ಲಿ ಚಿಕಿತ್ಸೆ ನಿಲ್ಲಿಸಿಬಿಡುತ್ತಾರೋ ಎಂಬ ಭಯವೂ ಜೊತೆಗಿದೆ.

ಈ ಮೌನವನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದವರು ಅಮೆರಿಕದ ಕ್ಯಾನ್ಸರ್ ತಜ್ಞ ಎಥನ್ ಬ್ಯಾಶ್ ಮತ್ತು ಅವರ ಸಂಗಡಿಗರು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ 2007ರಿಂದ, ಹರಡಿದ ಕ್ಯಾನ್ಸರಿಗೆ ಕೀಮೋ ಪಡೆಯುತ್ತಿದ್ದ 766 ರೋಗಿಗಳನ್ನು ಅವರು ಅಧ್ಯಯನಕ್ಕೆ ಸೇರಿಸಿಕೊಂಡರು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದು ಗುಂಪಿಗೆ ಅದರ ಜೊತೆಗೆ ಕಂಪ್ಯೂಟರ್ 12 ತೊಂದರೆಗಳನ್ನು ಒಂದೊಂದಾಗಿ ಕೇಳುತ್ತಿತ್ತು: ನೋವು, ವಾಂತಿ, ಹಸಿವು, ಉಸಿರಾಟ, ಜೋಮು, ಮೂತ್ರದ ಉರಿ, ಹೀಗೆ. ತೊಂದರೆ ತೀವ್ರವಾದರೆ ಅಥವಾ ಒಮ್ಮೆಲೇ ಏರಿದರೆ ನರ್ಸ್‌ಗೆ ಇ–ಮೇಲ್ ಹೋಗುತ್ತಿತ್ತು. ಭೇಟಿಯ ದಿನ ರೋಗಿಯ ಉತ್ತರಗಳ ಮುದ್ರಿತ ಪ್ರತಿ ವೈದ್ಯರ ಕೈಗೆ ಸಿಗುತ್ತಿತ್ತು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕಂಪ್ಯೂಟರ್ ಕೇಳುತ್ತಿದ್ದ ಗುಂಪಿನಲ್ಲಿ ಶೇ. 34 ಮಂದಿಯ ಬದುಕಿನ ಗುಣಮಟ್ಟ ಸುಧಾರಿಸಿತ್ತು, ಎಂದಿನ ಆರೈಕೆಯಲ್ಲಿ ಶೇ. 18 ಮಂದಿಯದು. ತುರ್ತು ವಿಭಾಗಕ್ಕೆ ಓಡಿದವರು ಕಂಪ್ಯೂಟರ್ ಗುಂಪಿನಲ್ಲಿ ಶೇ. 34, ಎಂದಿನ ಆರೈಕೆಯಲ್ಲಿ ಶೇ. 41. ಈ ವ್ಯತ್ಯಾಸಕ್ಕೆ ಹೊಸ ಔಷಧ ಕಾರಣವಲ್ಲ, ಕೇಳಿದ್ದೇ ಕಾರಣ.

ಇದರಲ್ಲಿ ನನ್ನ ವಾದಕ್ಕೆ ಮುಖ್ಯವಾದ ಅಂಶ ಇನ್ನೊಂದಿದೆ. ಆ 766 ರೋಗಿಗಳಲ್ಲಿ 227 ಮಂದಿಗೆ ಕಂಪ್ಯೂಟರಿನ ರೂಢಿ ಇರಲಿಲ್ಲ. ಅವರಲ್ಲಿ ಕಂಪ್ಯೂಟರ್ ಗುಂಪಿಗೆ ಸೇರಿದವರು ಮನೆಯಿಂದ ಏನನ್ನೂ ಕಳಿಸಲಿಲ್ಲ, ಆಸ್ಪತ್ರೆಗೆ ಬಂದಾಗ ಅಲ್ಲಿದ್ದ ಪರದೆಯ ಮೇಲೆ ಉತ್ತರಿಸಿದರು. ಹೆಚ್ಚು ಲಾಭವಾದದ್ದು ಇವರಿಗೇ. ಅದೇ ಆಸ್ಪತ್ರೆ, ಅದೇ ವೈದ್ಯರು, ಅದೇ ಭೇಟಿ. ಬಾಯಿ ಇದ್ದವರು ಹೇಗೋ ತಮ್ಮ ತೊಂದರೆ ಹೇಳಿಕೊಳ್ಳುತ್ತಾರೆ. ಬಾಯಿಲ್ಲದವರಿಗೆ ಯಾರಾದರೂ ಬಿಡಿಸಿ ಬಿಡಿಸಿ ಕೇಳಬೇಕು. ಪರದೆಗೆ ಅವಸರವಿಲ್ಲ, ಮುಜುಗರವಿಲ್ಲ. ಕೆಮ್ಮಿನ ಬಗ್ಗೆ ಕೇಳಿದಷ್ಟೇ ಸಲೀಸಾಗಿ ಅದು ಮೂತ್ರದ ಉರಿಯ ಬಗ್ಗೆಯೂ ಕೇಳುತ್ತದೆ. ಬಡವರಿಗೆ, ಅನಕ್ಷರಸ್ಥರಿಗೆ ತಂತ್ರಜ್ಞಾನ ಒಗ್ಗದು ಎನ್ನುವವರು ಅದು ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರನ್ನೇ ಹೊರಗಿಡುತ್ತಿದ್ದಾರೆ.

ಹಾಗೆಂದು ಆ್ಯಪ್ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರ ಜೊತೆಗೂ ನಾನಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ತಂತ್ರಜ್ಞಾನಕ್ಕೇನೂ ಕೊರತೆಯಿಲ್ಲ. ಭೇಟಿಯ ದಿನಾಂಕ ಎಸ್‌ಎಂಎಸ್‌ನಲ್ಲಿ, ವರದಿ ವಾಟ್ಸ್ಆ್ಯಪ್‌ನಲ್ಲಿ, ಜಾಗೃತಿ ವೀಡಿಯೊ ಗೋಡೆಯ ಟಿ.ವಿ.ಯಲ್ಲಿ. ಎಲ್ಲವೂ ಆಸ್ಪತ್ರೆ ಹೇಳುವುದು, ರೋಗಿ ಕೇಳುವುದು. ನ್ಯೂಯಾರ್ಕಿನಲ್ಲಿ ಮಾತು ಹರಿದದ್ದು ಎದುರು ದಿಕ್ಕಿಗೆ. ಅಷ್ಟೇ ಅಲ್ಲ, ಅಲ್ಲಿ ಬಂದ ಎಚ್ಚರಿಕೆಗಳ ಪೈಕಿ ಸುಮಾರು ಮುಕ್ಕಾಲು ಪಾಲಿಗೆ ನರ್ಸ್‌ಗಳು ಏನಾದರೊಂದು ಕ್ರಮ ಕೈಗೊಂಡರು. ಫೋನ್ ಮಾಡಿ ಸಲಹೆ ಕೊಟ್ಟರು, ಔಷಧ ಕೊಡಿಸಿದರು, ಕೀಮೋ ಪ್ರಮಾಣ ಬದಲಾಗುವಂತೆ ನೋಡಿಕೊಂಡರು. ಆ ತುದಿಯಲ್ಲಿ ಯಾರೂ ಇಲ್ಲದಿದ್ದರೆ ಆ್ಯಪ್ ಇಲ್ಲದಿರುವುದೇ ವಾಸಿ. ರೋಗಿ ತಾನು ಹೇಳಿಯಾಯಿತು ಎಂದುಕೊಂಡು ಸುಮ್ಮನಾಗುತ್ತಾನೆ, ಆಸ್ಪತ್ರೆಯ ಕಿವಿಗೆ ಅದು ಬಿದ್ದೇ ಇರುವುದಿಲ್ಲ.

ಫಲವನ್ನು ಉಬ್ಬಿಸಿ ಹೇಳುವುದೂ ಬೇಡ. ಬ್ಯಾಶ್ ತಂಡದ ಆ ನ್ಯೂಯಾರ್ಕ್ ಅಧ್ಯಯನದಲ್ಲಿ ರೋಗಿಗಳ ಆಯಸ್ಸೂ ಹೆಚ್ಚಿದ್ದು ಕಂಡಿತ್ತು. ಎಂದಿನ ಆರೈಕೆಯಲ್ಲಿ ಅರ್ಧದಷ್ಟು ಮಂದಿ 26 ತಿಂಗಳು ದಾಟಿದ್ದರೆ, ಇನ್ನೊಂದು ಗುಂಪಿನಲ್ಲಿ ಆ ಗಡಿ 31.2 ತಿಂಗಳಿಗೆ ಸರಿದಿತ್ತು. ಆಮೇಲೆ 52 ಚಿಕಿತ್ಸಾ ಕೇಂದ್ರಗಳಲ್ಲಿ 1,191 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ನರಳಾಟ ಕಡಿಮೆಯಾಯಿತು, ಬದುಕಿನ ಗುಣಮಟ್ಟ ಸುಧಾರಿಸಿತು, ಆದರೆ ಆಯಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ನರಳಾಟ ಕಡಿಮೆಯಾಗುವುದೇನು ಸಣ್ಣ ಲಾಭವೇ? ಆ ಅಧ್ಯಯನದಲ್ಲಿ ಅಂತರ್ಜಾಲ ಬೇಡವೆಂದವರು ತಾನಾಗಿ ಬರುವ ಫೋನ್ ಕರೆಗೆ ಉತ್ತರಿಸಬಹುದಿತ್ತು. ಕರ್ನಾಟಕಕ್ಕೆ ಬೇಕಾದ ದಾರಿ ಅದೇ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರಾಯಚೂರು, ಕೊಪ್ಪಳಗಳಿಂದ ಬರುವವರಿಗೆ ಅಪಾಯ ಎದುರಾಗುವುದು ಮನೆ ಸೇರಿದ ಮೇಲೆ. ಹಲವು ಕೀಮೋ ಔಷಧಗಳಲ್ಲಿ ಏಳರಿಂದ ಹದಿನಾಲ್ಕನೆಯ ದಿನದ ಹೊತ್ತಿಗೆ ಬಿಳಿ ರಕ್ತಕಣಗಳು ತೀರ ಕುಸಿಯುತ್ತವೆ. ಆಗ 100.4 ಡಿಗ್ರಿ ಜ್ವರ ಬಂದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಮಾತ್ರ ಒಂದು ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎನ್ನುತ್ತಾರೆ. ಆ ದಿನಗಳಲ್ಲಿ ಕನ್ನಡದಲ್ಲಿ ಒಂದು ಕರೆ ಬರಲಿ: "ಜ್ವರ ಇದೆಯೇ? ಇದ್ದರೆ ಒಂದನ್ನು ಒತ್ತಿ." ಇದಕ್ಕೆ ಓದು ಬೇಡ, ಸ್ಮಾರ್ಟ್‌ಫೋನ್ ಬೇಡ.

ಆದರೆ ಫೋನ್ ಮಗನದಾದರೆ ಅವನ "ಪರವಾಗಿಲ್ಲ"ವೇ ಮತ್ತೆ ಉತ್ತರವಾಗುತ್ತದೆ. ಆದ್ದರಿಂದ ನೋಂದಣಿಯ ಹೊತ್ತಿಗೇ ರೋಗಿಯ ಸ್ವಂತ ನಂಬರು ಕೇಳಬೇಕು. ಇಲ್ಲದವರಿಗೆ ಊರಿನ ಆಶಾ ಕಾರ್ಯಕರ್ತೆಯ ನೆರವು ಬೇಕು. "ಅಮ್ಮನಿಗೆ ಕಾಯಿಲೆಯ ಹೆಸರು ಹೇಳಬೇಡಿ ಡಾಕ್ಟ್ರೇ" ಎನ್ನುವ ಮನೆಗಳಿಗೂ ಈ ಕರೆ ಹೋಗಬಹುದು. ನೋವಿದೆಯೇ ಎಂದು ಕೇಳಲು ಕಾಯಿಲೆಯ ಹೆಸರು ಎತ್ತಬೇಕಿಲ್ಲ.

ಇರುವ ನರ್ಸ್‌ಗಳೇ ಸಾಲದಿರುವಾಗ ಈ ಕರೆಗಳಲ್ಲಿ ತೊಂದರೆ ಹೇಳಿಕೊಂಡವರಿಗೆ ಯಾರು ಉತ್ತರಿಸುತ್ತಾರೆ ಎಂಬುದು ನ್ಯಾಯವಾದ ಆಕ್ಷೇಪ. ಖರ್ಚಿರುವುದೂ ಅಲ್ಲಿಯೇ. ಸಾಫ್ಟ್‌ವೇರ್ ಒಮ್ಮೆ ಕೊಂಡರೆ ಆಯಿತು, ನರ್ಸ್‌ಗೆ ತಿಂಗಳು ತಿಂಗಳು ಸಂಬಳ ಕೊಡಬೇಕು. ಉದ್ಘಾಟನೆಗೆ ಒದಗುವ ಹಣ ಹುದ್ದೆ ತುಂಬಲು ಒದಗುವುದಿಲ್ಲ. ಇನ್ನು ಮುಂದೆ ಯಾವ ಆಸ್ಪತ್ರೆ ಹೊಸ ಆ್ಯಪ್ ಬಿಡುಗಡೆ ಮಾಡಿದರೂ ನಾವು ಕೇಳಬೇಕಾದದ್ದು ಇಷ್ಟು: ರಾತ್ರಿ ಹತ್ತಕ್ಕೆ ಜ್ವರ ಎಂದವರಿಗೆ ಯಾರು ಉತ್ತರಿಸುತ್ತಾರೆ? ಎಷ್ಟು ಗಂಟೆಯೊಳಗೆ? ಔಷಧ ಬದಲಿಸಲು, "ಈಗಲೇ ಬನ್ನಿ" ಎನ್ನಲು ಅವರಿಗೆ ಅಧಿಕಾರವಿದೆಯೇ? ಇದಕ್ಕೆ ಉತ್ತರವಿಲ್ಲದ ಆಸ್ಪತ್ರೆ ಆ್ಯಪ್ ಕೈಬಿಟ್ಟು, ಮೊದಲು ಆ ಹಣದಲ್ಲಿ ಒಬ್ಬ ನರ್ಸನ್ನು ನೇಮಿಸಿಕೊಳ್ಳಲಿ.