ಕೆರೆಯಿಂದ ಶುರುವಾದ ಊರು

ಒಳ್ಳೆಯ ಊರು ಹೇಗಿರಬೇಕು ಎಂಬ ಕನಸನ್ನು ಬುನಾದಿಯಿಂದಲೇ ಕಟ್ಟಿ ತೋರಿಸುವ ಹಳಗಾಲದ ಕನ್ನಡ ಕಥನವೆಂದರೆ ರಾಘವಾಂಕನ ‘ಸಿದ್ಧರಾಮ ಚಾರಿತ್ರ’. ಅದರಲ್ಲಿ ಬರುವ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಕಾವ್ಯದಲ್ಲಿ ಅದು ಅಭಿನವ ಶ್ರೀಶೈಲ.

ಕತೆ ಮುದ್ದುಗೌಡ, ಸುಗ್ಗವ್ವೆಯರ ಮಗ ಸಿದ್ಧರಾಮನಿಂದ ಮೊದಲಾಗುತ್ತದೆ. ಹೊಲದಲ್ಲಿ ಕಂಡ ಜಂಗಮ ಮಲ್ಲಯ್ಯ ಹಸಿವೆಂದಾಗ ಹುಡುಗ ಮಜ್ಜಿಗೆಯನ್ನ ತರಲು ಮನೆಗೆ ಓಡುತ್ತಾನೆ. ಮರಳಿ ಬರುವಷ್ಟರಲ್ಲಿ ಜಂಗಮನಿಲ್ಲ. ಮಲ್ಲಯ್ಯನನ್ನು ಹುಡುಕುತ್ತ ಶ್ರೀಶೈಲಕ್ಕೆ ಹೋಗಿ, ಕಾಣದೆ ಕಮರಿಗೆ ಹಾರಲು ಹೊರಟವನನ್ನು ಅಲ್ಲಿನ ದೇವರು ಮಲ್ಲಿಕಾರ್ಜುನ ತಡೆದು, ಊರು ಕಟ್ಟೆಂದು ಹಿಂದಕ್ಕೆ ಕಳಿಸುತ್ತಾನೆ. ಒಬ್ಬ ಹುಡುಗನ ಅನ್ನದ ಗಡಿಗೆಯಿಂದ ಇಡೀ ಊರಿನ ಕನಸು ಹುಟ್ಟುವ ಈ ಭಾಗ ಕಾವ್ಯದ ಅತ್ಯಂತ ಚೆಲುವಾದ ಜಾಗ. ಮುಂದೆ ಕೆರೆ ತೋಡುತ್ತಾರೆ, ಗುಡಿ ಏಳುತ್ತದೆ, ಲಿಂಗಗಳ ಪ್ರತಿಷ್ಠೆಯಾಗುತ್ತದೆ. ಸ್ಥಳದ ನಂಬಿಕೆಯಲ್ಲಿ ಈ ಲಿಂಗಗಳು 68.

ಅಮೆರಿಕದ ಎಡ್ವರ್ಡ್ ಬೆಲ್ಲಮಿ 1888ರಲ್ಲಿ ಪ್ರಕಟಿಸಿದ ‘ಲುಕಿಂಗ್ ಬ್ಯಾಕ್‌ವರ್ಡ್’ ಕಾದಂಬರಿಯನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಅದರ ನಾಯಕ ಜೂಲಿಯನ್ ವೆಸ್ಟ್ 1887ರಲ್ಲಿ ಬಾಸ್ಟನ್ನಿನಲ್ಲಿ ಮಲಗಿ 2000ದಲ್ಲಿ ಏಳುತ್ತಾನೆ. ಅಷ್ಟರಲ್ಲಿ ಬಡತನ ಅಳಿದಿದೆ, ದುಡಿಮೆ ಎಲ್ಲರಿಗೂ ಹಂಚಿಹೋಗಿದೆ. ಆದರೆ ಕಟ್ಟುವ ಕೆಲಸವೆಲ್ಲ ಅವನ ನಿದ್ದೆಯಲ್ಲೇ ಮುಗಿದಿದೆ. ಅವನಿಗೆ ಉಳಿದದ್ದು ವಿವರಣೆ ಕೇಳುವುದಷ್ಟೆ. ರಾಘವಾಂಕನಲ್ಲಿ ಕಟ್ಟುವುದೇ ಕತೆ. ಕನಸಿನ ಊರಿನ ಕಥನವಾಗಿ ಸೊನ್ನಲಿಗೆ ಹೆಚ್ಚು ಜೀವಂತವೆನಿಸುವುದು ಈ ಕಾರಣಕ್ಕೆ.

ಕನಸನ್ನು ಒಳಗಿನಿಂದಲೇ ಪ್ರಶ್ನಿಸಿದ ಅಮೆರಿಕದ ಲೇಖಕ ನಥಾನಿಯಲ್ ಹಾಥಾರ್ನ್. 1841ರಲ್ಲಿ ಬ್ರೂಕ್ ಫಾರ್ಮ್ ಎಂಬ ಸಮಾನತೆಯ ಒಕ್ಕಲಿನಲ್ಲಿ ಕೆಲವು ತಿಂಗಳು ಗೊಬ್ಬರ ಹೊತ್ತು, ಬೇಸತ್ತು ಬಂದ ಆತ 1852ರಲ್ಲಿ ‘ದ ಬ್ಲೈಥ್‌ಡೇಲ್ ರೊಮಾನ್ಸ್’ ಬರೆದ. ಕನ್ನಡದಲ್ಲಿ ಆ ಪ್ರಶ್ನೆ 15ನೇ ಶತಮಾನದ ‘ಶೂನ್ಯಸಂಪಾದನೆ’ಯಲ್ಲೇ ಬಂದಿತ್ತು. ಸೊನ್ನಲಿಗೆಯಲ್ಲಿ ಕೆರೆಯ ಕೆಲಸ ನಡೆಯುತ್ತಿರುವಾಗ ವಚನಕಾರ ಅಲ್ಲಮ ಬಂದು, ಸಿದ್ಧರಾಮನನ್ನು ಕೆಣಕುತ್ತ, ಒಡ್ಡರಾಮನೆಲ್ಲಿ ಎಂದು ಕೇಳುತ್ತಾನೆ. ಕೆಲಸದವರು ಸಿಟ್ಟಿಗೆದ್ದು ಕಲ್ಲೆಸೆಯುತ್ತಾರೆ. ಕೆರೆ, ಗುಡಿ ಕಟ್ಟಿದವನು ತನ್ನನ್ನು ಅರಿತಿದ್ದಾನೆಯೇ ಎಂಬುದು ಅಲ್ಲಮನ ತಕರಾರು. ವಾದದ ಕೊನೆಗೆ ಸಿದ್ಧರಾಮ ಅವನೊಡನೆ ಶರಣರ ಊರಾದ ಕಲ್ಯಾಣಕ್ಕೆ ಹೊರಡುತ್ತಾನೆ. ಹಾಥಾರ್ನ್‌ನ ಕತೆ ಭಂಗದಲ್ಲಿ ಮುಗಿದರೆ ಇಲ್ಲಿ ಕನಸು ಇನ್ನೊಂದು ಊರಿಗೆ ನಡೆದುಹೋಗುತ್ತದೆ.

ಸೊಲ್ಲಾಪುರದಲ್ಲೇ ಹುಟ್ಟಿ, ಶಾಲೆಯಲ್ಲಿ ಮರಾಠಿ ಓದಿ, ಕನ್ನಡವನ್ನು ತಾವೇ ಕಲಿತ ಜಯದೇವಿತಾಯಿ ಲಿಗಾಡೆ (1912–1986) ಇದೇ ಕತೆಯನ್ನು ತ್ರಿಪದಿಯಲ್ಲಿ ‘ಸಿದ್ಧರಾಮ ಪುರಾಣ’ವಾಗಿ ಬರೆದರು. ಬೀಸುಕಲ್ಲಿನ ಹಾಡಿನ ಮಟ್ಟು ಇದಕ್ಕೆ ಒಪ್ಪುತ್ತದೆ. 1974ರ ಮಂಡ್ಯ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ಅವರು ಮೊದಲ ಮಹಿಳಾ ಅಧ್ಯಕ್ಷೆ.

ಅಲ್ಲಮ ಕೆಣಕಲು ಬಳಸಿದ ಹೆಸರಿಗೂ ಮುಂದೊಂದು ಬಾಳು ದಕ್ಕಿತು. ಒಡ್ಡರೆಂದೂ ಕರೆಸಿಕೊಂಡ, ಮಣ್ಣು, ಕಲ್ಲಿನ ಕೆಲಸದ ಭೋವಿ ಸಮುದಾಯ ಸಿದ್ಧರಾಮನನ್ನು ಗುರುವೆಂದು ಪೂಜಿಸುತ್ತದೆ. ಕೆರೆ ಇಂದಿಗೂ ಗುಡಿಯನ್ನು ಸುತ್ತಿ ನಿಂತಿದೆ. ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಕೋಲುಗಳು ಅಲ್ಲಿಗೇ ಬರುತ್ತವೆ.