ಹೊಸ ವಿಂಡೋಸ್, ಹಳೆಯ ಕಡತ

ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಉಚಿತ ಸುರಕ್ಷತಾ ಪರಿಷ್ಕರಣೆಗಳು 2025ರ ಅಕ್ಟೋಬರ್ 14ರಂದು ಕೊನೆಗೊಂಡ ಮೇಲೆ, ಮನೆಯಲ್ಲಿಯೋ ಕಚೇರಿಯಲ್ಲಿಯೋ ಡಿಟಿಪಿ ಅಂಗಡಿಯಲ್ಲಿಯೋ ಗಣಕಯಂತ್ರವನ್ನು ನಿತ್ಯವೂ ಬಳಸುವವರು ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತು ಬಹುಮಟ್ಟಿಗೆ ಒಂದೇ: 11ನ್ನು ಹಾಕಿಸುವುದೋ, ಇದ್ದುದರಲ್ಲಿಯೇ ಮುಂದುವರಿಯುವುದೋ? ಹೊಸದು ನೋಡಲು ಚೆನ್ನಾಗಿದೆಯೆಂದು ಒಬ್ಬರು ಹೇಳಿದರೆ, ಹಾಕಿಸಿದಂದಿನಿಂದ ಯಂತ್ರ ಹ್ಯಾಂಗ್ ಆಗುತ್ತಿದೆಯೆಂದು ಇನ್ನೊಬ್ಬರು ದೂರುತ್ತಾರೆ. ನಡೆಯುತ್ತಿರುವ ಯಂತ್ರಕ್ಕೆ ಕೈಹಚ್ಚಲೇಬಾರದೆಂಬುದು ಮೂರನೆಯವರ ಸಿದ್ಧಾಂತ. ಮೂವರ ಮಾತೂ ಅವರವರ ಅನುಭವದ ಮಟ್ಟಿಗೆ ಸತ್ಯವೇ ಆಗಿರುವುದರಿಂದ, ಹೇಳಿದವರು ಆ ಯಂತ್ರದಲ್ಲಿ ಯಾವ ಕೆಲಸ ಮಾಡುತ್ತಾರೆಂಬುದನ್ನು ವಿಚಾರಿಸದೆ ಯಾರ ಅಭಿಪ್ರಾಯವನ್ನೂ ಅಂಗೀಕರಿಸಲಾಗದು.

ಬಳಕೆದಾರರ ಅಸಮಾಧಾನವನ್ನು ಬರಿಯ ಗೊಣಗಾಟವೆಂದು ತಳ್ಳಿಹಾಕುವ ಪಂಡಿತರಿದ್ದಾರೆ, ಅದು ತಪ್ಪು. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ, ಹೆಜ್ಜೆಹೆಜ್ಜೆಗೂ ಅನುಮತಿ ಕೇಳುವ ಅದರ ಸ್ವಭಾವದಿಂದಲೂ, ಹಳೆಯ ಪ್ರಿಂಟರುಗಳಿಗೆ ತಕ್ಕ ಡ್ರೈವರ್ ಸಿಕ್ಕದ ಕಷ್ಟದಿಂದಲೂ ಬೇಸತ್ತ ಅಸಂಖ್ಯ ಜನರು ಅದರ ಹಿಂದಿನ ಎಕ್ಸ್‌ಪಿಯನ್ನು ಬಿಡಲೊಲ್ಲದೆ ಉಳಿದರು. 2009ರ ವಿಂಡೋಸ್ 7 ಆ ತೊಡಕುಗಳನ್ನು ಬಹುಪಾಲು ಪರಿಹರಿಸಿತು. 2012ರಲ್ಲಿ ವಿಂಡೋಸ್ 8 ಸ್ಟಾರ್ಟ್ ಗುಂಡಿಯನ್ನೇ ತೆಗೆದುಹಾಕಿದಾಗ ಎದ್ದ ಕೂಗಿಗೆ ಮಣಿದು, ಮರುವರ್ಷದ 8.1ರಲ್ಲಿ ಅದನ್ನು ಹಿಂದಕ್ಕೆ ತರಬೇಕಾಯಿತು.

ವಿಂಡೋಸ್ 11ರ ಮೇಲಿನ ದೂರುಗಳಲ್ಲಿ ಕೆಲವು ಅಲ್ಪವಾದವು. ಐಕಾನುಗಳು ಪರದೆಯ ಮಧ್ಯಕ್ಕೆ ಸರಿದುವು, ಬಲಗುಂಡಿ ಒತ್ತಿದರೆ ತೆರೆಯುವ ಪಟ್ಟಿ ಮೊಟಕಾಯಿತು ಎಂಬಂಥವು ಕೈಗೆ ರೂಢಿಯಾಗುವವರೆಗಿನ ಕಿರಿಕಿರಿಗಳಷ್ಟೆ. ಆದರೆ ಟಿಪಿಎಂ 2.0 ಎಂಬ ಸುರಕ್ಷತಾ ಘಟಕವಿರಬೇಕು, ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದೋ ಅದಕ್ಕೂ ಈಚಿನದೋ ಆಗಿರಬೇಕು ಎಂಬ ನಿಬಂಧನೆಯ ಕಾರಣದಿಂದ, 2016ರಲ್ಲಿ ಕೊಂಡು, ಮೆಮೊರಿ ಹೆಚ್ಚಿಸಿ, ಎಸ್‌ಎಸ್‌ಡಿ ಹಾಕಿಸಿ, ಇಂದಿಗೂ ಚುರುಕಾಗಿ ದುಡಿಯುತ್ತಿರುವ ಯಂತ್ರವೊಂದು ಅನರ್ಹವೆನಿಸುವುದು ಅಲ್ಪವಾದ ವಿಷಯವಲ್ಲ. ಗೂಢಲಿಪಿಯ ಕೀಲಿಗಳನ್ನು ಪ್ರತ್ಯೇಕ ಘಟಕದಲ್ಲಿ ಕಾಪಿಡುವುದರಿಂದ ರಕ್ಷಣೆ ಬಲಗೊಳ್ಳುತ್ತದೆಂಬುದು ನಿಜವಾದರೂ, ಕೆಟ್ಟುಹೋಗದ ಯಂತ್ರವನ್ನು ಗುಜರಿಗೆ ಹಾಕಬೇಕಾಗಿ ಬಂದವರ ಸಂಕಟ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ.

ಕನ್ನಡದಲ್ಲಿ ಬರೆಯುವವರಿಗೆ ಈ ವಿಚಾರದಲ್ಲಿ ಬೇರೆಯೇ ಒಂದು ಅಳತೆಗೋಲುಂಟು. 2001ರಲ್ಲಿ ಬಂದ ಎಕ್ಸ್‌ಪಿ ನಮ್ಮ ಪಾಲಿಗೆ ಮಹೋಪಕಾರಿಯಾಗಿದ್ದಿತು. ಏಕೆಂದರೆ ಅದರೊಡನೆ ‘ತುಂಗಾ’ ಎಂಬ ಯೂನಿಕೋಡ್ ಫಾಂಟು ಬಂದು, ಕನ್ನಡದ ‘ಕ’ಕಾರವು ಗಣಕದ ಒಳಗೂ ‘ಕ’ಕಾರವಾಗಿಯೇ ಇರುವ ಅನುಕೂಲ ಒದಗಿತು. ಇಂಗ್ಲಿಷ್ ಆವೃತ್ತಿಯಲ್ಲಿ ಸಂಕೀರ್ಣ ಲಿಪಿಗಳ ಚೌಕಕ್ಕೆ ಗುರುತು ಹಾಕಿ, ಯಂತ್ರವು ಕೇಳಿದಾಗ ಸಿಡಿಯನ್ನು ತುರುಕಿ, ರೀಸ್ಟಾರ್ಟ್ ಮಾಡಿದ ತರುವಾಯವೇ ಒತ್ತಕ್ಷರಗಳು ತಮ್ಮ ಸ್ಥಾನದಲ್ಲಿ ಕೂರುತ್ತಿದ್ದುವು. ಆ ಶ್ರಮವೆಲ್ಲ ಸಾರ್ಥಕವಾಯಿತು. ವಿಂಡೋಸ್ 8ರಿಂದೀಚೆಗೆ ‘ನಿರ್ಮಲಾ’ ಫಾಂಟು ಜತೆಗೇ ಬರುತ್ತದೆ. 2019ರಲ್ಲಿ ವಿಂಡೋಸ್ 10ಕ್ಕೆ ಕನ್ನಡದ ಧ್ವನ್ಯಾತ್ಮಕ ಕೀಲಿಮಣೆಯೂ ಸೇರಿತು. ‘ತುಂಗಾ’ವನ್ನು ಮಾತ್ರ ಈಗ ಐಚ್ಛಿಕ ಸೌಲಭ್ಯಗಳ ಪಟ್ಟಿಯಿಂದ ಬೇರೆಯಾಗಿ ಹಾಕಿಕೊಳ್ಳಬೇಕು; ಹಾಕಿಕೊಳ್ಳದಿದ್ದರೆ ಹಳೆಯ ಲೇಖನದ ಪುಟವಿನ್ಯಾಸ ಕದಲಬಹುದು.

ಇದಕ್ಕಿಂತ ಘೋರವಾದುದು ಯೂನಿಕೋಡಿಗೆ ಮುಂಚಿನ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬರೆದ ಕಡತಗಳ ಗತಿ. ಹೊಸ ಯಂತ್ರಕ್ಕೆ ನುಡಿ ಫಾಂಟುಗಳನ್ನು ಹಾಕದೆ ಅಂಥ ಕಡತವೊಂದನ್ನು ತೆರೆದು ನೋಡಿ: ‘ಕನ್ನಡ’ ಎಂಬ ಪದವಿದ್ದೆಡೆಯಲ್ಲಿ ಮೊದಲಿಗೆ ಇಂಗ್ಲಿಷಿನ ‘ಪಿ’, ಅದರ ಬೆನ್ನಿಗೆ ತಲೆಯ ಮೇಲೆ ಓರೆಗೆರೆಯಿರುವ ‘ಎ’, ‘ನ’ಕಾರದ ಸ್ಥಾನದಲ್ಲಿ ಬ್ರಿಟನ್ನಿನ ಪೌಂಡ್ ನಾಣ್ಯದ ಚಿಹ್ನೆ! ಒಂದು ಗ್ರಾಮದ ಇತಿಹಾಸವೋ, ಒಬ್ಬರ ಜೀವಮಾನದ ನಿಘಂಟಿನ ಟಿಪ್ಪಣಿಗಳೋ ಹೀಗೆ ಓದಲಾಗದ ಚಿಹ್ನೆಗಳ ರಾಶಿಯಾಗಿ ಕಾಣುವುದು ನನಗೆ ನಿಜವಾಗಿ ದುಃಖವನ್ನುಂಟುಮಾಡುತ್ತದೆ. ಕೈಯ ಅಭ್ಯಾಸದ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ನುಡಿಯಲ್ಲಿ ಪಳಗಿದವರು ಒತ್ತಕ್ಷರಕ್ಕಾಗಿ ‘ಎಫ್’ ಕೀಲಿಯನ್ನು ಒತ್ತುತ್ತಾರೆ. ವಿಂಡೋಸಿನ ಧ್ವನ್ಯಾತ್ಮಕ ಕೀಲಿಮಣೆಯ ಕ್ರಮ ಅದಲ್ಲ. ಇಪ್ಪತ್ತು ವರ್ಷ ಪುಟ ಕಟ್ಟಿದ ಬೆರಳುಗಳು ಈ ಬದಲಾವಣೆಗೆ ಒಲ್ಲೆವೆಂದರೆ ಅದನ್ನು ಸೋಮಾರಿತನವೆನ್ನಲಾಗದು.

ಆದರೂ ಇದ್ದಲ್ಲಿಯೇ ಇರುತ್ತೇವೆಂಬವರ ವಾದವನ್ನು ಪೂರ್ಣವಾಗಿ ಒಪ್ಪಲಾರೆ. 2017ರ ಮೇ ತಿಂಗಳಿನಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು ಬ್ರಿಟನ್ನಿನ ಆಸ್ಪತ್ರೆಗಳವರೆಗೂ ನುಗ್ಗಿ ಕಡತಗಳನ್ನು ಒತ್ತೆ ಹಿಡಿದಾಗ, ಅದು ನುಸುಳಿದ ಬಿರುಕನ್ನು ಮುಚ್ಚುವ ಪರಿಷ್ಕರಣೆ ಎರಡು ತಿಂಗಳ ಹಿಂದೆಯೇ ಸಿದ್ಧವಿದ್ದಿತು. ಹಾಕಿಕೊಳ್ಳದೆ ಉಳಿದ ಯಂತ್ರಗಳೇ ಅದಕ್ಕೆ ಬಲಿಯಾದುವು. ಪರಿಷ್ಕರಣೆಯೇ ಬಾರದ ವ್ಯವಸ್ಥೆಯಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ವಿವೇಕವೆನಿಸದು.

ಆದಕಾರಣ, ಯಂತ್ರಕ್ಕೆ ಅರ್ಹತೆಯಿದ್ದರೆ 11ಕ್ಕೆ ಹೋಗುವುದೇ ಸರಿ. ಅರ್ಹತೆಯಿಲ್ಲದ, ಆದರೆ ಗಟ್ಟಿಮುಟ್ಟಾದ ಯಂತ್ರಕ್ಕೆ ಲಿನಕ್ಸ್ ಮಿಂಟನ್ನೋ ಉಬುಂಟುವನ್ನೋ ಹಾಕಿಸಬಹುದು. ಹಣ ಕೊಡಬೇಕಾಗಿಲ್ಲ, ಯೂನಿಕೋಡ್ ಕನ್ನಡ ಅಲ್ಲಿ ಸೊಗಸಾಗಿ ಮೂಡುತ್ತದೆ, ನುಡಿಯವರಿಗೆ ಪರಿಚಿತವಾದ ಕಗಪ ಕೀಲಿಮಣೆಯೂ ಲಭ್ಯವಿದೆ. ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶವನ್ನೇ ನೆಚ್ಚಿಕೊಂಡ ಮುದ್ರಣಾಲಯದವರು ಹಳೆಯ ಯಂತ್ರವನ್ನು ಅಂತರ್ಜಾಲದ ಸಂಪರ್ಕ ತಪ್ಪಿಸಿ ಆ ಒಂದು ಕೆಲಸಕ್ಕೆಂದೇ ಇಟ್ಟುಕೊಳ್ಳಲಿ. ಯಾವ ದಾರಿ ಹಿಡಿದರೂ, ಫಾರ್ಮ್ಯಾಟ್ ಮಾಡಿಸುವುದಕ್ಕೆ ಮುಂಚೆ ಹಳೆಯ ನುಡಿ ಕಡತಗಳನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿ, ಒಂದೆರಡು ಪುಟಗಳನ್ನಾದರೂ ಮೂಲದೊಡನೆ ಹೋಲಿಸಿ ನೋಡಿ, ಎರಡು ಬೇರೆಬೇರೆ ಡಿಸ್ಕುಗಳಲ್ಲಿ ಪ್ರತಿ ತೆಗೆದಿಡಬೇಕೆಂದು ಓದುಗರನ್ನು ಬೇಡಿಕೊಳ್ಳುತ್ತೇನೆ.